ಯಾವ ಬರ್ತೀನಿ

ಗೋಪಾಲಮ್ಮನ ವಿಷಯ ಹೇಳುವ ಮೊದಲು ನನ್ನ ಬಾಯಿಯ ವಿಷಯ ಹೇಳಿಬಿಡುತ್ತೇನೆ. ನನ್ನದು ಸುಮ್ಮನಿರುವ ಬಾಯಲ್ಲ. ಜಕ್ಕೂರು ಕೆರೆಯ ಹಿಂದೆ ಇಪ್ಪತ್ತೆರಡು ವರ್ಷದಿಂದ ನರ್ಸರಿ ನಡೆಸುತ್ತಿದ್ದೇನೆ, ಗಿಡಗಳಿಗೆ ನೀರು ಬಿಟ್ಟಿದ್ದಕ್ಕಿಂತ ಜನರ ಮೇಲೆ ರೇಗಿದ್ದೇ ಹೆಚ್ಚು. "ಸರಳಾ, ನಿನ್ನ ದನಿಗೆ ಮೊಗ್ಗು ಉದುರುತ್ತೆ ಕಣೇ" ಎಂದು ನನ್ನ ಗಂಡ ಯೋಗಾನಂದ ಕಿಚಾಯಿಸುತ್ತಾರೆ. ಉದುರಲಿ. ರೇಗದಿದ್ದರೆ ಈ ಊರಲ್ಲಿ ಟ್ಯಾಂಕರ್‌ನವನು ಹೇಳಿದ ಹೊತ್ತಿಗೆ ಬರುವುದಿಲ್ಲ, ಮಣ್ಣಿನ ಲಾರಿಯವನು ಕಲ್ಲು ಬೆರೆಸದೆ ಬಿಡುವುದಿಲ್ಲ. ಆದರೆ ಒಂದು ಸಲ, ಒಂದೇ ಒಂದು ಸಲ, ರೇಗದೆ ಮೆತ್ತಗೆ ಮಾತಾಡಿ ಒಂದು ಸುಳ್ಳು ಹೇಳಿದೆ. ಒಳ್ಳೆಯದಾಗಲಿ ಎಂದೇ ಹೇಳಿದ್ದು. ಅದನ್ನು ಇವತ್ತಿಗೂ ವಾಪಸ್ಸು ತೆಗೆದುಕೊಳ್ಳಲು ಆಗಿಲ್ಲ.

ಗೋಪಾಲಮ್ಮ ನಮ್ಮಲ್ಲಿ ಕಳೆ ಕೀಳುವವಳು. ಐವತ್ತಾರು ವರ್ಷ. ನರ್ಸರಿಯಲ್ಲಿ ಹುಲ್ಲಿನ ಹಾಸು ಬೆಳೆಸುತ್ತೇವೆ, ಚಾಪೆಯ ಹಾಗೆ ಕತ್ತರಿಸಿ ಅಪಾರ್ಟ್‌ಮೆಂಟುಗಳಿಗೆ ಕಳಿಸುತ್ತೇವೆ. ಅದರೊಳಗೆ ಜೇಕು ಹುಟ್ಟಿದರೆ ಹಾಸೆಲ್ಲ ಹಾಳು. ಜೇಕಿನ ಗಡ್ಡೆ ನೆಲದೊಳಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತದೆ, ಮೇಲೆ ಕಿತ್ತರೆ ಎರಡು ದಿನಕ್ಕೆ ಮತ್ತೆ ಬರುತ್ತದೆ. ಗೋಪಾಲಮ್ಮ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳು ಇಳಿಸಿ, ಗಡ್ಡೆ ಸಮೇತ ಎಳೆದು ತೆಗೆಯುತ್ತಿದ್ದಳು. ಅವಳು ಕೂತೆದ್ದ ಜಾಗದಲ್ಲಿ ಮತ್ತೆ ಜೇಕು ಬಂದದ್ದನ್ನು ನಾನು ಕಂಡಿಲ್ಲ.

ಅವಳು ಜಕ್ಕೂರಿನ ಹಳೇ ಊರಿನವಳೇ. ಈಗ ಎದುರಿಗೆ ಹದಿನೆಂಟು ಅಂತಸ್ತಿನ ಕಟ್ಟಡ ನಿಂತಿದೆಯಲ್ಲ, ಅಲ್ಲಿ ಅವಳ ಅಪ್ಪ ಬೇರೆಯವರ ಹೊಲವನ್ನು ವಾರಕ್ಕೆ ಮಾಡಿಕೊಂಡು, ಬೆಳೆಯಲ್ಲಿ ಪಾಲು ಕೊಟ್ಟು, ರಾಗಿ ಬೆಳೆಯುತ್ತಿದ್ದರಂತೆ. ಆ ಕಟ್ಟಡದ ಹುಲ್ಲುಹಾಸನ್ನೂ ನಾವೇ ಹಾಕಿದ್ದು, ತಿಂಗಳಿಗೆರಡು ಸಲ ಕಳೆ ತೆಗೆಯಲು ಇವಳೇ ಹೋಗುತ್ತಿದ್ದಳು. "ರಾಗಿ ಹೊಲದಾಗೆ ಹುಲ್ಲು ಕಿತ್ತು ಎಸೀತಿದ್ವಿ ಕಣಮ್ಮ. ಈಗ ಅದೇ ಜಾಗದಾಗೆ ಹುಲ್ಲು ನೆಟ್ಟು, ಅದರಾಗಿನ ಹುಲ್ಲು ಕೀಳಾದು! ಇಂಗೂ ಒಂದು ಕೆಲ್ಸ ಐತಲ್ಲ ಲೋಕದಾಗೆ" ಎಂದು ನಗುತ್ತಿದ್ದಳು. ನಕ್ಕರೆ ಒಂದು ಕೆನ್ನೆ ಮಾತ್ರ ಮೇಲೇಳುತ್ತಿತ್ತು. ಎಡಗಿವಿ ಕೇಳುತ್ತಿರಲಿಲ್ಲ, ಅದಕ್ಕೆ ಯಾವಾಗಲೂ ಬಲಕ್ಕೆ ವಾಲಿಕೊಂಡೇ ಮಾತಾಡುತ್ತಿದ್ದಳು.

ಅವಳಿಗೆ ದಾಸಪ್ಪ ಅಂತ ಒಬ್ಬ ತಮ್ಮ. ಹದಿನಾಲ್ಕು ವರ್ಷ ಚಿಕ್ಕವನು. ಅವನು ಇನ್ನೂ ಅಂಬೆಗಾಲಿಡುತ್ತಿದ್ದಾಗ ತಾಯಿ ಜ್ವರ ಬಂದು ಹೋಗಿಬಿಟ್ಟರು. ಆಮೇಲೆ ಅವನಿಗೆ ಗಂಜಿ ಕುಡಿಸಿದ್ದು, ಸೊಂಟದ ಮೇಲೆ ಹೊತ್ತು ತಿರುಗಿದ್ದು ಎಲ್ಲ ಇವಳು. ಮದುವೆಗೆ ಹುಡುಗನ ಕಡೆಯವರು ಬಂದಾಗ ಇವಳು ಅಪ್ಪನನ್ನೂ ಕೇಳದೆ ಒಳಗಿನಿಂದಲೇ ಕೂಗಿ ಹೇಳಿದಳಂತೆ, "ನನ್ನ ಜೊತೆ ತಮ್ಮನೂ ಬರ್ತಾನೆ, ಆಗೋದಾದ್ರೆ ತಾಂಬೂಲ ಇಸ್ಕೊಳ್ಳಿ, ಇಲ್ಲದಿದ್ರೆ ಕಾಫಿ ಕುಡಿದು ಓಗಿ" ಅಂತ. ಹಾಗೆ ಹೇಳಿದ ಹುಡುಗಿಯನ್ನೇ ಒಪ್ಪಿಕೊಂಡ ಆ ಮುನಿನಾರಾಯಣಪ್ಪ ಪುಣ್ಯಾತ್ಮ. ಮಕ್ಕಳಾಗಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ದಾಸಪ್ಪನಿಗೆ ಹೆಣ್ಣು ಹುಡುಕಿ ಹುಡುಕಿ ಗೋಪಾಲಮ್ಮನ ಚಪ್ಪಲಿ ಸವೆಯಿತೇ ಹೊರತು ಹೆಣ್ಣು ಸಿಗಲಿಲ್ಲ. ಅವನಿಗೂ ಅದರ ಚಿಂತೆ ಇದ್ದ ಹಾಗೆ ಕಾಣಲಿಲ್ಲ.

ದಾಸಪ್ಪ ಹುಲ್ಲು ಹಾಸುವುದರಲ್ಲಿ ಗಟ್ಟಿಗ. ಅವನು ಹಾಸಿದರೆ ಒಂದು ತುಂಡಿಗೂ ಇನ್ನೊಂದು ತುಂಡಿಗೂ ನಡುವೆ ಗೆರೆ ಕಾಣುತ್ತಿರಲಿಲ್ಲ. ನಮ್ಮಲ್ಲಿ ಗಿಡ ಕೊಳ್ಳುವ ಒಬ್ಬ ಕಂಟ್ರಾಕ್ಟರ್‌ಗೆ ಅಂಡಮಾನ್ ಕಡೆ ಒಂದು ರೆಸಾರ್ಟಿನ ತೋಟದ ಕೆಲಸ ಸಿಕ್ಕಿತು. ಪೋರ್ಟ್ ಬ್ಲೇರ್‌ನಿಂದ ಇನ್ನೂ ಎರಡು ಗಂಟೆ ದೋಣಿಯಲ್ಲಿ ಹೋಗಬೇಕಾದ ಸಣ್ಣ ದ್ವೀಪ. ಒಳ್ಳೆ ಕೆಲಸಗಾರ ಇದ್ದರೆ ಹೇಳಿ ಮೇಡಂ ಎಂದು ಕೇಳಿದ. ದಾಸಪ್ಪನ ಹೆಸರು ಹೇಳಿದ್ದು ನಾನು. ನೀರಿನ ಪೈಪು ಕೂರಿಸುವ ನಮ್ಮ ಖಾದರ್ ಬಾಷಾನ ಹೆಸರನ್ನೂ ನಾನೇ ಹೇಳಿದೆ. ಇಬ್ಬರೂ ಶಿವರಾತ್ರಿ ಕಳೆದ ಮೇಲೆ ಹೊರಟರು. ಅಲ್ಲಿ ಮಳೆಗಾಲ ಶುರುವಾಗುವ ಮುಂಚೆ ಕೆಲಸ ಮುಗಿಸಿ ವಾಪಸ್ಸು ಬರಬೇಕೆಂಬ ಮಾತಾಗಿತ್ತು.

ಗೋಪಾಲಮ್ಮನ ಹತ್ತಿರ ಬಟನ್ ಫೋನ್ ಇತ್ತು, ಆದರೆ ಅದರ ದನಿ ಅವಳ ಕಿವಿಗೆ ಸಾಲದು. ಹಾಗಾಗಿ ದಾಸಪ್ಪ ಭಾನುವಾರ ಮಧ್ಯಾಹ್ನ ನನ್ನ ಫೋನಿಗೆ ಮಾಡುತ್ತಿದ್ದ. ನಾನು ಸ್ಪೀಕರ್ ಹಾಕಿ ಅವಳ ಬಲಗಿವಿಯ ಹತ್ತಿರ ಹಿಡಿಯುತ್ತಿದ್ದೆ. ಅಕ್ಕ ತಮ್ಮನ ಮಾತೆಲ್ಲ ನನಗೂ ಕೇಳಿಸುತ್ತಿತ್ತು. ಕದ್ದು ಕೇಳಿದ್ದಲ್ಲ, ಅದು ಇಡೀ ನರ್ಸರಿಗೇ ಕೇಳಿಸುತ್ತಿತ್ತು.

"ಅಕ್ಕ, ನಮ್ಮೂರ ಬಿಸಿಲು ಸುಡುತ್ತೆ. ಇಲ್ಲಿದು ಬೇಯಿಸುತ್ತೆ. ನೆಳ್ಳಾಗೆ ಕೂತ್ರೂ ಬೆವರು ಆರಲ್ಲ" ಎನ್ನುತ್ತಿದ್ದ ದಾಸಪ್ಪ.

"ಸುತ್ತ ಅಷ್ಟೊಂದು ನೀರಿಟ್ಕೊಂಡು ಸೆಕೆ ಅಂತೀಯಲ್ಲೋ!"

"ಇಡ್ಲಿ ಪಾತ್ರೆ ಒಳಗೂ ನೀರೇ ಅಲ್ವೇನಕ್ಕ ಇರಾದು?"

ಗೋಪಾಲಮ್ಮ ಆ ಮಾತಿಗೆ ಬಿದ್ದು ಬಿದ್ದು ನಕ್ಕಳು. ಎರಡು ದಿನ ಬಂದವರಿಗೆಲ್ಲ ಅದನ್ನೇ ಹೇಳಿದಳು.

ಮಾತು ಮುಗಿಯುವಾಗ ದಾಸಪ್ಪ ಮೊದಮೊದಲು ಎಲ್ಲರ ಹಾಗೆ "ಇಡ್ತೀನಕ್ಕ" ಎನ್ನುತ್ತಿದ್ದ. ಅದು ಗೋಪಾಲಮ್ಮನಿಗೆ ಆಗಿಬರಲಿಲ್ಲ. ಮನೆಯಿಂದ ಹೊರಡುವಾಗ ನಾವು ಹೋಗ್ತೀನಿ ಅನ್ನುತ್ತೇವೆಯೇ? ಬರ್ತೀನಿ ಅಂತಲೇ ತಾನೇ ಹೇಳುವುದು? "ಸಮುದ್ರದಾಚೆ ಕೂತ್ಕೊಂಡು ಇಡ್ತೀನಿ ಗಿಡ್ತೀನಿ ಅನ್ಬ್ಯಾಡ ಕಣೋ. ಫೋನಾದ್ರೇನು, ಬರ್ತೀನಿ ಅನ್ನು" ಎಂದು ಗದರಿದಳು. ಅವತ್ತಿನಿಂದ ಅವನು ಪ್ರತಿ ಸಲ "ಬರ್ತೀನಕ್ಕ" ಎನ್ನುವುದು, ಇವಳು "ಊಂ, ಬಾ" ಎನ್ನುವುದು, ನಾನು ಫೋನ್ ಆರಿಸುವುದು. ಎರಡು ತಿಂಗಳು ಹೀಗೇ ನಡೆಯಿತು.

ಆ ಬೇಸಿಗೆ ಯಾರಿಗೂ ಮರೆತಿರಲಾರದು. ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ಬೆಂಗಳೂರಲ್ಲಿ ಹುಟ್ಟಿ ಬೆಳೆದ ನಾನು ಅಂಥ ಬಿಸಿಲು ಕಂಡಿರಲಿಲ್ಲ. ನೆರಳು ಪರದೆಯ ಕೆಳಗಿದ್ದ ಜರೀಗಿಡಗಳು ಕೂಡ ಅಂಚು ಸುಟ್ಟುಕೊಂಡವು. ಟ್ಯಾಂಕರ್‌ನವನ ಕಾಲು ಹಿಡಿಯುವುದೊಂದು ಬಾಕಿ. ಮೇ ತಿಂಗಳ ಹೊತ್ತಿಗೆ ಟಿವಿಯಲ್ಲಿ ಬಂಗಾಳಕೊಲ್ಲಿಯ ಚಿತ್ರ ಹಾಕಿ, ಬಿಳಿ ಸುರುಳಿಯೊಂದನ್ನು ತೋರಿಸಿ, ಅಂಡಮಾನಿನ ಹತ್ತಿರ ವಾಯುಭಾರ ಕುಸಿತ, ಚಂಡಮಾರುತ ಆಗಬಹುದು ಎಂದರು. ಆಗ ನಾನು ಏನು ಹೇಳಿದೆ ಗೊತ್ತೇ? "ಸದ್ಯ! ಬರಲಿ ಬರಲಿ, ಸೈಕ್ಲೋನ್ ಎಫೆಕ್ಟ್‌ಗಾದರೂ ಇಲ್ಲಿ ನಾಲ್ಕು ಹನಿ ಬೀಳಲಿ" ಎಂದೆ. ಬೆಂಗಳೂರಿನವರಿಗೆ ಸೈಕ್ಲೋನ್ ಎಂದರೆ ಅಷ್ಟೇ. ಎಲ್ಲೋ ಯಾರದೋ ಮನೆ ಹಾರಿಹೋಗುತ್ತದೆ, ನಮಗೆ ತಂಪು ಗಾಳಿ ಬೀಸುತ್ತದೆ, ಸ್ವೆಟರ್ ಹುಡುಕುತ್ತೇವೆ, ಬೋಂಡ ಕರಿಯುತ್ತೇವೆ. ಆ ಸುರುಳಿಯ ಪಕ್ಕದಲ್ಲೇ ನಮ್ಮ ದಾಸಪ್ಪ ಇದ್ದಾನೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎಂದರೆ ಹೊಳೆಯಲಿಲ್ಲ, ಈಗ ಏನು ಹೇಳಿ ಏನು.

ಮರುದಿನ ಹನ್ನೆರಡೂವರೆಗೆ ಗೋಪಾಲಮ್ಮ ಹುಲ್ಲಿನ ಮೇಲೆ ಬಿದ್ದಳು. ಯಲಹಂಕದ ಒಂದು ಕಡೆಗೆ ಹುಲ್ಲು ಕಳಿಸುವುದಿತ್ತು. "ಬಿಸಿಲು ಏರೋ ಮುಂಚೆ ಆ ಮೂಲೆ ಮುಗಿಸಮ್ಮ" ಎಂದು ಹೇಳಿದ್ದೆ. ಬಿಸಿಲು ಏರಿ ಎಷ್ಟೋ ಹೊತ್ತಾಗಿತ್ತು, ನಾನು ಏಳು ಎನ್ನಲಿಲ್ಲ, ಅವಳೂ ಏಳಲಿಲ್ಲ. ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಮುಖ ಮುಟ್ಟಿದರೆ ಬೆಂಕಿ. ನಾನೂ ಯೋಗಾನಂದರೂ ಎತ್ತಿ ನೆರಳಿಗೆ ತಂದು, ನೀರು ತಟ್ಟಿ, ಆಟೋದಲ್ಲಿ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದೆವು. ಗ್ಲೂಕೋಸ್ ಹಾಕಿದರು. ಮೂರು ಗಂಟೆಗೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ದಾಸ ಎಲ್ಲಿ?" ಅಂತ.

ಅವಳು ಎಂದೂ ಹೆದರಿದವಳಲ್ಲ. ಅವತ್ತು ಹೆದರಿದ್ದಳು. ನನಗೂ ಹೆದರಿಕೆಯಾಗಿತ್ತು, ಹೆದರಿದರೆ ನನಗೆ ಬರುವುದು ಸಿಟ್ಟು. ಅಲ್ಲೇ ನಿಂತು ದಾಸಪ್ಪನಿಗೆ ಫೋನ್ ಹಚ್ಚಿದೆ. ನಾಲ್ಕನೇ ಸಲಕ್ಕೆ ಸಿಕ್ಕಿದ. ದನಿ ಕತ್ತರಿಸಿ ಕತ್ತರಿಸಿ ಬರುತ್ತಿತ್ತು.

"ಏನಪ್ಪಾ ದಾಸಪ್ಪ, ಅಲ್ಲಿ ಹುಲ್ಲು ಹಾಸ್ತಾ ಕೂತಿದೀಯ, ಇಲ್ಲಿ ನಿಮ್ಮಕ್ಕ ಬಿದ್ದಿದಾಳೆ. ಇದ್ದೋಳೊಬ್ಬಳು ಅಕ್ಕ, ನೋಡ್ಕೊಳೋಕೆ ಆಗಲ್ವಾ ನಿಂಗೆ?" ಎಂದುಬಿಟ್ಟೆ. ಅವನು ಏನು ಪಾಪ ಮಾಡಿದ್ದ? ಅವನನ್ನು ಕಳಿಸಿದ್ದು ನಾನು, ಅವಳನ್ನು ಬಿಸಿಲಲ್ಲಿ ಕೂರಿಸಿದ್ದು ನಾನು.

ಫೋನನ್ನು ಗೋಪಾಲಮ್ಮನ ಬಲಗಿವಿಗೆ ಹಿಡಿದೆ. ಅವಳು, "ದಾಸ, ಬಾರೋ. ನನ್ ಕೈಲಿ ಆಗ್ತಿಲ್ಲ ಕಣೋ. ಬಂದ್ಬುಡೋ" ಎಂದಳು.

"ಅಕ್ಕ, ಇಲ್ಲಿ ಗಾಳಿ ಸುದ್ದಿ ಬಂದೈತೆ... ದೋಣಿ ನಿಲ್ಲಿಸ್ತಾರಂತೆ... ಸಮುದ್ರ ನೋಡಿದ್ರೆ ಎಣ್ಣೆ ಹಂಗೆ ಮಲಗೈತೆ, ಒಂದು ಎಲೆ ಅಲ್ಲಾಡ್ತಿಲ್ಲ... ನೀನು ಉಂಡ್ಯಾ?" ಆಮೇಲೆ ಒಂದಿಷ್ಟು ಹೊತ್ತು ಬರೀ ಗೊರಗೊರ. ಕೊನೆಗೆ ಒಂದು ಮಾತು ಸ್ಪಷ್ಟವಾಗಿ ಕೇಳಿಸಿತು. "ಆಯ್ತಕ್ಕ, ಬರ್ತೀನಿ."

ಗೋಪಾಲಮ್ಮ "ಊಂ, ಬಾ" ಎನ್ನುವಷ್ಟರಲ್ಲಿ ಲೈನ್ ಕಟ್ಟಾಗಿತ್ತು.

ಆಮೇಲೆ ಎಷ್ಟು ಮಾಡಿದರೂ ಹತ್ತಲಿಲ್ಲ. ಎರಡು ದಿನ ಅಲ್ಲಿಂದ ಸುದ್ದಿಯೇ ಇಲ್ಲ. ಇಲ್ಲಿ ಮೋಡ ಕವಿದು, ತಣ್ಣನೆ ಗಾಳಿ ಬೀಸಿ, ನಾಲ್ಕು ತಿಂಗಳ ಮೇಲೆ ಮಳೆ ಬಿತ್ತು. ಹುಲ್ಲು ಒಂದೇ ದಿನಕ್ಕೆ ಹಸಿರಾಯಿತು. ಗಿಡ ಕೊಳ್ಳಲು ಬಂದವರೆಲ್ಲ ಖುಷಿಯಾಗಿ "ಸೈಕ್ಲೋನ್ ಎಫೆಕ್ಟ್ ಅಂತೆ ಕಣ್ರೀ, ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದರು. ನಾನು ಯಾರ ಮುಖವನ್ನೂ ನೋಡದೆ ಕುಂಡಗಳನ್ನು ಅಲ್ಲಿಂದಿಲ್ಲಿಗೆ ಎತ್ತಿಡುತ್ತಿದ್ದೆ. ಮೂರನೇ ದಿನ ಕಂಟ್ರಾಕ್ಟರ್ ಫೋನ್ ಮಾಡಿ, ದಾಸಪ್ಪ ಹತ್ತಿದ್ದ ದೋಣಿ ಮಗುಚಿತು, ದೇಹ ದಡಕ್ಕೆ ಬಂದು ಸಿಕ್ಕಿತು ಎಂದ. ಯೋಗಾನಂದ ಅಲ್ಲಿಗೆ ಹೋಗಲು ಹೊರಟರು, ವಿಮಾನವೆಲ್ಲ ನಿಂತಿತ್ತು. ಆ ಸೆಕೆಯಲ್ಲಿ ಅಷ್ಟು ದಿನ ಇಡಲಾಗದೆ ಅಲ್ಲೇ ಸಂಸ್ಕಾರ ಮಾಡಿದರು. ಹನ್ನೊಂದನೇ ದಿನದ ಕಾರ್ಯವನ್ನು ಗೋಪಾಲಮ್ಮ ಇಲ್ಲಿ ಅವನ ಒಂದು ಶರಟು ಇಟ್ಟುಕೊಂಡು ಮಾಡಿದಳು. ಮುಖ ನೋಡಲಿಲ್ಲ ಎಂದು ಎದೆ ಎದೆ ಬಡಿದುಕೊಂಡಳು. ನಾನೂ ಅತ್ತೆ. ಎಷ್ಟು ಅತ್ತರೂ ನನಗೆ ಹಗುರವಾಗಲಿಲ್ಲ.

ಹದಿನಾರನೇ ದಿನಕ್ಕೆ ಅವಳು ಕೆಲಸಕ್ಕೆ ಬಂದಳು. ಬೇಡಮ್ಮ, ಮನೆಯಲ್ಲಿರು ಎಂದರೆ ಕೇಳಲಿಲ್ಲ. ಬೆಳಿಗ್ಗೆ ಕೂತು ಅರ್ಧ ಸಾಲು ಕಿತ್ತಿದ್ದಳು. ನಾನು ಕಾಫಿ ತೆಗೆದುಕೊಂಡು ಹೋದೆ. ಲೋಟ ತೆಗೆದುಕೊಳ್ಳದೆ ತಲೆಯೆತ್ತಿ ಕೇಳಿದಳು.

"ಅಮ್ಮ, ನೀವೂ ಕೇಳಿಸ್ಕೊಂಡ್ರಲ್ಲ. ಅವತ್ತು ದಾಸ ಬರ್ತೀನಿ ಅಂದ್ನಲ್ಲ, ಅದು ಯಾವ ಬರ್ತೀನಿ?"

ನನಗೆ ಮೊದಲು ಅರ್ಥವಾಗಲಿಲ್ಲ. "ಯಾವ ಬರ್ತೀನಿ ಅಂದರೆ?"

"ಯಾವಾಗ್ಲೂ ಮಾತು ಮುಗಿಸೋಕೆ ಅಂತಿದ್ನಲ್ಲ, ಆ ಬರ್ತೀನಿನಾ? ಇಲ್ಲ, ನಾನು ಬಾ ಅಂದಿದ್ದಕ್ಕೆ ಅಂದ ಬರ್ತೀನಿನಾ?"

ನನ್ನ ಕೈಯಲ್ಲಿದ್ದ ಲೋಟ ಬಿಸಿಯಾಗಿತ್ತು, ಕೆಳಗಿಡಲೂ ತೋಚಲಿಲ್ಲ. ಅವಳು ಬಾ ಎಂದದ್ದಕ್ಕೇ ಅವನು ದೋಣಿ ಹತ್ತಿದ್ದರೆ ತಮ್ಮನನ್ನು ಕರೆದು ನೀರಿಗೆ ನೂಕಿದಂತಾಯಿತು ಎಂದು ಈ ಹೆಂಗಸು ಕೊರಗುತ್ತಿದ್ದಾಳೆ, ಅಂದುಕೊಂಡೆ. ಇನ್ನೊಂದೂ ಅಂದುಕೊಂಡೆ. ಆ ಫೋನ್ ಹಚ್ಚಿದ್ದು ಯಾರು? ಅಕ್ಕನನ್ನು ನೋಡಿಕೊಳ್ಳೋಕೆ ಆಗಲ್ವಾ ಎಂದು ಚುಚ್ಚಿದ್ದು ಯಾರು? "ಗೊತ್ತಾಗಲಿಲ್ಲಮ್ಮ, ಲೈನ್ ಸರಿ ಇರಲಿಲ್ಲ" ಎಂದು ಹೇಳಿ ಅಲ್ಲಿಂದ ಬಂದುಬಿಟ್ಟೆ.

ಅದಾದ ಮೇಲೆ ದಿನಾ ಕೇಳುತ್ತಿದ್ದಳು. ಕಳೆ ಕೀಳುತ್ತಾ, ಊಟದ ಡಬ್ಬಿ ಬಿಚ್ಚುತ್ತಾ, ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಾ. "ಆಯ್ತಕ್ಕ ಅಂದ ಅಲ್ವಾ ಅಮ್ಮ? ಬರೀ ಮಾತು ಮುಗಿಸೋಕಾದ್ರೆ ಆಯ್ತಕ್ಕ ಯಾಕಂತಾನೆ?" ಎಂದು ಒಂದು ದಿನ. "ಆದ್ರೆ ಉಂಡ್ಯಾ ಅಂತ ಕೇಳಿದ್ನಲ್ಲ, ಬರೋನಾದ್ರೆ ಅದ್ಯಾಕೆ ಕೇಳ್ತಾನೆ?" ಎಂದು ಇನ್ನೊಂದು ದಿನ. ಅವಳ ಬೀದಿಯಲ್ಲಿ ಯಲ್ಲಮ್ಮ ಅಂತ ಒಬ್ಬಳಿದ್ದಾಳೆ, ನಾಲಗೆಯಲ್ಲಿ ಮುಳ್ಳು. "ನೀನು ಕರೆದಿದ್ದಕ್ಕೇ ಕಣೆ ಅವನು ಹೊರಟಿದ್ದು, ಇಲ್ಲದಿದ್ರೆ ಸುಮ್ನೆ ಅಲ್ಲೇ ಇರ್ತಿದ್ದ" ಎಂದು ಎದುರಿಗೇ ಹೇಳಿದಳಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ನಾಲ್ಕು ಮಾತು ಕೇಳಿ ಬರುತ್ತೇನೆಂದು ಎದ್ದರೆ ಗೋಪಾಲಮ್ಮನೇ ತಡೆದಳು. ಅಷ್ಟು ಸಾಲದೆಂದು ದಿನಾ ಸಂಜೆ ಆ ಯಲ್ಲಮ್ಮನ ಜಗಲಿಗೇ ಹೋಗಿ ಕೂರುತ್ತಿದ್ದಳು. ತನ್ನನ್ನು ತಾನೇ ಶಿಕ್ಷಿಸಿಕೊಳ್ಳುತ್ತಿದ್ದಾಳೆ ಎಂದು ನಾನು ಲೆಕ್ಕ ಹಾಕಿದೆ. ಇದಕ್ಕೊಂದು ಕೊನೆ ಕಾಣಿಸಲೇಬೇಕು ಅನ್ನಿಸಿತು.

ಜೂನ್ ಮಧ್ಯದಲ್ಲಿ ಖಾದರ್ ಬಾಷಾ ವಾಪಸ್ಸು ಬಂದ. ಬೆಳಿಗ್ಗೆ ಎಂಟಕ್ಕೆ ನೇರ ನರ್ಸರಿಗೇ ಬಂದ, ಕೈಯಲ್ಲಿ ದಾಸಪ್ಪನ ಬ್ಯಾಗು. ಗೋಪಾಲಮ್ಮ ಬರುವುದು ಒಂಬತ್ತಕ್ಕೆ. ಖಾದರ್ ಬಾಷಾ ಇಳಿದುಹೋಗಿದ್ದ, ಗಡ್ಡ ನೆರೆತಿತ್ತು. ಕುಂಡಗಳ ಪಕ್ಕ ಕುಕ್ಕರಿಸಿ ಕೂತು, ಕೇಳುವ ಮುಂಚೆ ತಾನೇ ಹೇಳಿದ.

"ಮೇಡಂ, ನಿಮ್ಮ ಫೋನ್ ಬಂತಲ್ಲ, ಆಮೇಲೆ ಎಲ್ಲರೂ ಸ್ಕೂಲ್ ಬಿಲ್ಡಿಂಗ್‌ಗೆ ಹೋಗಿ ಅಂದ್ರು. ಇವನು ಎದ್ದೇಳಲಿಲ್ಲ. ಬಾಷಾ, ಒಂದು ಎಡವಟ್ಟಾಯ್ತು ಕಣೋ ಅಂದ. ಏನೋ ಅಂದೆ. ಮಾತು ಮುಗಿಸೋಕೆ ಅಂತ ಅಭ್ಯಾಸಕ್ಕೆ ಬರ್ತೀನಿ ಅಂದ್ಬುಟ್ಟೆ, ಅಕ್ಕ ಬಾ ಅಂತ ಅಳ್ತಿದ್ಲು, ನಾನು ಬತ್ತಾ ಇದೀನಿ ಅಂತಲೇ ತಿಳ್ಕೊಂಡಿರ್ತಾಳೆ, ಬಾಗಿಲು ಹಾಕ್ದೆ ಕಾಯ್ತಾಳೆ ಅಂದ. ವಾಪಸ್ಸು ಫೋನ್ ಮಾಡಿ ಹೇಳೋಣ ಅಂತ ಎಷ್ಟು ಸಲ ಮಾಡಿದ ಗೊತ್ತಾ ಮೇಡಂ? ಟವರೇ ಇಲ್ಲ. ಸರ್ಕಾರದ ದೋಣಿ ನಿಂತುಹೋಗಿತ್ತು. ಒಬ್ಬ ಮೀನಿನೋನು ತನ್ನ ದೋಣೀನ ದೊಡ್ಡ ದ್ವೀಪದ ಕಡೆ ಭದ್ರ ಮಾಡೋಕೆ ತಗೊಂಡು ಹೋಗ್ತಿದ್ದ. ಇವನು ಅದಕ್ಕೆ ಹತ್ತಿದ. ನಾನು ಕೈ ಹಿಡ್ಕೊಂಡೆ. ಒಂದ್ಸಲ ಅಂದ್ಮೇಲೆ ಹೋಗ್ಲೇಬೇಕು ಬಾಷಾ, ನಮ್ಮಕ್ಕ ಕಾಯ್ತಾಳೆ ಅಂದ. ಸಮುದ್ರ ಸುಮ್ನೇ ಇತ್ತು, ಒಂದಿಷ್ಟು ದೂರ ಹೋದ್ಮೇಲೆ ತಳದಿಂದ ದೊಡ್ಡ ದೊಡ್ಡ ಅಲೆ ಎದ್ವು. ನನ್ನ ಕಣ್ಣೆದುರಿಗೆ." ಅವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ಅಲ್ಲಿ ಅವನೋರು ಅಂತ ಯಾರಿದ್ರು ಮೇಡಂ? ನಾನೇ ಬೆಂಕಿ ಇಟ್ಟೆ."

ನಾನು ಅವನ ಕೈ ಹಿಡಿದುಕೊಂಡು ಕೂತೆ. ಗಡಿಯಾರ ನೋಡಿದೆ. ಎಂಟೂವರೆ. ಗೋಪಾಲಮ್ಮ ಬಂದು ಇದನ್ನು ಕೇಳಿದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಅವಳು ಕರೆದದ್ದು, ಅವಳೇ ಕಲಿಸಿದ ಮಾತು, ಎರಡೂ ಸೇರಿ ಅವನನ್ನು ಹೊರಡಿಸಿದವು. ನನಗೂ ಅದನ್ನು ಅವಳ ಮುಂದೆ ಕೇಳುವ ಧೈರ್ಯವಿರಲಿಲ್ಲ, ನಿಜ ಹೇಳಿಬಿಡುತ್ತೇನೆ.

"ಬಾಷಾ, ಇದನ್ನ ಅವಳಿಗೆ ಹೇಳಬೇಡಪ್ಪ. ಅದು ಮಾತು ಮುಗಿಸೋಕೆ ಅಂದ ಬರ್ತೀನಿ ಅಷ್ಟೇ ಅಂತ ಹೇಳು. ದೋಣಿ ಹತ್ತಿದ್ದು ಕೆಲಸಕ್ಕೆ. ದೊಡ್ಡ ದ್ವೀಪದಿಂದ ಪೈಪೋ ಗೊಬ್ಬರಾನೋ ತರೋಕೆ ಕಂಟ್ರಾಕ್ಟರ್ ಕಳಿಸಿದ್ದ ಅನ್ನು."

"ಸುಳ್ಳು ಹೇಳೋದಾ ಮೇಡಂ? ಸತ್ತೋನ ವಿಷಯದಲ್ಲಿ?"

"ಬದುಕಿರೋಳನ್ನ ಉಳಿಸೋಕೆ ಕಣಪ್ಪ" ಎಂದೆ. ಎಷ್ಟು ಚೆನ್ನಾಗಿ ಮಾತಾಡಿದೆ ನೋಡಿ. ಅವನು ತಲೆ ತಗ್ಗಿಸಿದ. ಒಪ್ಪಿದ ಹಾಗೇ ಆಯಿತು.

ಒಂಬತ್ತಕ್ಕೆ ಗೋಪಾಲಮ್ಮ ಬಂದಳು. ಬ್ಯಾಗು ಕಂಡು ಗೇಟಿನಲ್ಲೇ ನಿಂತಳು. ಬಂದು ಕೂತು, ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು, ಜಿಪ್ಪು ತೆಗೆಯಲಿಲ್ಲ. ಖಾದರ್ ಬಾಷಾನ ಕಡೆ ಬಲಗಿವಿ ತಿರುಗಿಸಿದಳು.

"ಯೋಳಪ್ಪ ಬಾಷಾ. ನೀನು ಜೊತೇಲಿದ್ದೋನು. ನನ್ನ ತಮ್ಮ ಯಾಕೆ ದೋಣಿ ಹತ್ತಿದ?"

ಖಾದರ್ ಬಾಷಾ ನನ್ನ ಮುಖ ನೋಡಿದ. ನಾನು ನೋಡಿದ ನೋಟಕ್ಕೆ ಅವನು ಹೇಳಿದ. ನಾನು ಹೇಳಿಕೊಟ್ಟದ್ದನ್ನೇ ಹೇಳಿದ, ಪೈಪು ತರೋಕೆ ಕಳಿಸಿದ್ರಮ್ಮ ಎಂದು. ನಾನು ನಡುವೆ ಬಾಯಿ ಹಾಕಿ, ಇಷ್ಟು ವರ್ಷದಲ್ಲಿ ಎಂದೂ ಆಡದಷ್ಟು ಮೃದುವಾಗಿ ಹೇಳಿದೆ, "ನೋಡಿದ್ಯಾ ಗೋಪಾಲಮ್ಮ, ಅದು ಬರೀ ಮಾತು ಮುಗಿಸೋ ಬರ್ತೀನಿ. ನೀನು ಕರೆದದ್ದಕ್ಕೆ ಅವನು ಹೊರಟದ್ದಲ್ಲ. ನಿನ್ನ ತಪ್ಪು ಒಂದು ಚೂರೂ ಇಲ್ಲಮ್ಮ."

ಅವಳ ಮುಖ ಹಗುರವಾಗುತ್ತದೆ ಎಂದು ನಾನು ಕಾಯುತ್ತಿದ್ದೆ.

"ಅಂಗಾದ್ರೆ ನನ್ನತ್ರ ಬರೋಕೆ ಹೊಂಟಿರ್ಲಿಲ್ವಾ?" ಎಂದಳು.

"ಇಲ್ಲಮ್ಮ. ಅದಕ್ಕೇ ಹೇಳಿದ್ದು, ನಿನ್ನ ತಪ್ಪಿಲ್ಲ."

"ತಪ್ಪಿನ ಸುದ್ದಿ ಯಾರು ಕೇಳಿದ್ರಮ್ಮ?" ಅವಳು ಬ್ಯಾಗನ್ನು ಎರಡು ಕೈಯಲ್ಲಿ ಒತ್ತಿ ಹಿಡಿದಿದ್ದಳು. "ನನ್ನ ಸೊಂಟದ ಮ್ಯಾಲೆ ಬೆಳೆದ ಮಗು ಅದು. ನಲವತ್ತು ವರ್ಸದಾಗೆ ನಾನು ಅವನ್ನ ಒಂದು ಸೀರೆ ಕೇಳ್ದೋಳಲ್ಲ, ಒಂದು ಲೋಟ ನೀರು ಕೇಳ್ದೋಳಲ್ಲ. ಒಂದೇ ಒಂದ್ಸಲ ಬಾ ಅಂದೆ. ನಾನು ಕರೆದೆ, ಅವನು ಹೊಂಟ, ದಾರೀಲಿ ಆ ನೀರು ಅವನ್ನ ಎಳ್ಕಂತು. ಇಷ್ಟು ದಿನ ಇದನ್ನೇ ಇಡ್ಕೊಂಡು ಉಸಿರಾಡ್ತಿದ್ದೆ ಕಣಮ್ಮ. ಆ ಯಲ್ಲಮ್ಮ ಒಬ್ಬಳೇ ಅಂಗೆ ಅಂತಿದ್ದೋಳು. ಅದಕ್ಕೇ ಅವಳ ಜಗಲಿಗೆ ಓಗ್ತಿದ್ದೆ, ಇನ್ನೊಂದ್ಸಲ ಅನ್ನಲಿ ಅಂತ." ಅವಳ ಕಣ್ಣೀರು ಬ್ಯಾಗಿನ ಮೇಲೆ ಬಿತ್ತು. "ಅದೂ ಇಲ್ಲ ಅನ್ನಿ. ಅಕ್ಕ ಬಾ ಅಂದ್ರೂ ನನ್ನ ದಾಸ ಪೈಪು ತರಾಕೆ ಓದ ಅನ್ನಿ."

ಅಯ್ಯೋ ನನ್ನ ದರಿದ್ರವೇ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆ ಕ್ಷಣವೇ ಅವಳ ಎರಡೂ ಭುಜ ಹಿಡಿದು ಕೂಗಿದೆ. "ಇಲ್ಲ ಗೋಪಾಲಮ್ಮ, ಸುಳ್ಳು ಹೇಳಿದ್ದು ಕಣಮ್ಮ! ನಾನೇ ಹೇಳಿಸಿದ್ದು! ಅವನು ನಿನ್ನ ಹತ್ತಿರ ಬರೋಕೇ ಹೊರಟಿದ್ದ. ಬಾಷಾ, ಹೇಳೋ, ನನಗೆ ಹೇಳಿದ್ದನ್ನ ಹೇಳೋ!" ಖಾದರ್ ಬಾಷಾ ಅಳುತ್ತಾ ಎಲ್ಲವನ್ನೂ ಹೇಳಿದ, ಬಾಗಿಲು ಹಾಕ್ದೆ ಕಾಯ್ತಾಳೆ ಎಂದದ್ದನ್ನೂ, ಎಷ್ಟೋ ಸಲ ಫೋನ್ ಮಾಡಿದ್ದನ್ನೂ. ಗೋಪಾಲಮ್ಮ ಪೂರ್ತಿ ಕೇಳಿಸಿಕೊಂಡಳು. ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎಳೇ ಮಕ್ಕಳ ಬೆನ್ನು ಸವರುವ ಹಾಗೆ ಖಾದರ್ ಬಾಷಾನ ಬೆನ್ನು ಸವರಿದಳು.

"ಓಗ್ಲಿ ಬುಡಪ್ಪ. ನಾನು ಅತ್ತೆ ಅಂತ ಅಮ್ಮೋರು ಸಮಾಧಾನಕ್ಕೆ ಹೇಳಿಸ್ತಾವ್ರೆ. ನಂಗೆ ತಿಳೀತದೆ" ಎಂದಳು. ಎದ್ದು, ಬ್ಯಾಗನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದಳು.

ಎರಡು ದಿನ ಬಿಟ್ಟು ಕೆಲಸಕ್ಕೆ ಬಂದಳು. ಕೂತಳು, ಕಿತ್ತಳು, ಹೋದಳು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕೇಳು ಮಹರಾಯಿತಿ, ಒಂದು ಸಲ ಕೇಳು ಎಂದು ನಾನೇ ಅವಳ ಹಿಂದೆ ಹಿಂದೆ ತಿರುಗಿದೆ. ಖಾದರ್ ಬಾಷಾ ಅವಳ ಮನೆಗೆ ಹೋಗಿ ಎರಡು ಸಲ ಹೇಳಿಬಂದ. ಯೋಗಾನಂದ ಕೂರಿಸಿಕೊಂಡು ಹೇಳಿದರು. ಯಾರು ಹೇಳಿದರೂ ಒಂದೇ ಮಾತು, "ನಿಮ್ಮ ಒಳ್ಳೇತನ ಬುಡಿ." ಯಲ್ಲಮ್ಮನ ಜಗಲಿಗೆ ಹೋಗುವುದನ್ನೂ ನಿಲ್ಲಿಸಿಬಿಟ್ಟಳು. ಇಷ್ಟು ವರ್ಷ ಬೈದಾಡಿದ ನನ್ನ ಬಾಯಿಗೆ ಒಂದು ನಿಜ ನಂಬಿಸುವ ಶಕ್ತಿ ಇಲ್ಲದೆ ಹೋಯಿತು.

ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ಅವಳ ಕೈ ಹಿಡಿದು ಎಳೆದುಕೊಂಡು ಕೆರೆ ಏರಿಯ ಮುನೇಶ್ವರನ ಗುಡಿಗೆ ಹೋದೆ. ಊರಲ್ಲಿ ಯಾರ ಮಾತನ್ನಾದರೂ ನಂಬದಿದ್ದರೆ ಕರ್ಪೂರ ಹಚ್ಚಿ ಆಣೆ ಇಡುವುದು ಅಲ್ಲೇ. ಅಲ್ಲಿ ಸುಳ್ಳು ಆಣೆ ಇಟ್ಟವರ ಮನೆ ಉದ್ಧಾರವಾಗುವುದಿಲ್ಲ ಎಂದು ಅವಳೇ ನನಗೆ ಹೇಳಿದ್ದಳು. ಕಲ್ಲಿನ ಮೇಲೆ ಕರ್ಪೂರ ಇಟ್ಟು ಕಡ್ಡಿ ಗೀರಿದೆ. "ನೋಡು ಗೋಪಾಲಮ್ಮ, ಮುನೇಶ್ವರನ ಆಣೆಗೂ, ನನ್ನ ಎರಡು ಮಕ್ಕಳ ಆಣೆಗೂ ಹೇಳ್ತೀನಿ" ಎಂದು ಉರಿಯ ಮೇಲೆ ಅಂಗೈ ಚಾಚಿದೆ. ಈ ಸಲ ನಂಬಲೇಬೇಕು ಎಂದುಕೊಂಡಿದ್ದೆ.

ಅವಳು ಗಾಬರಿಯಾಗಿ ನನ್ನ ಕೈಯನ್ನು ಎಳೆದುಹಾಕಿದಳು. ಉರಿಯುತ್ತಿದ್ದ ಕರ್ಪೂರದ ಮೇಲೆ ತನ್ನ ಅಂಗೈಯನ್ನೇ ಒತ್ತಿ ಆರಿಸಿಬಿಟ್ಟಳು.

"ನಿಮಗೇನು ತಲೆಗಿಲೆ ಕೆಟ್ಟಿದ್ಯಾ ಅಮ್ಮ? ನನ್ನ ಸಮಾಧಾನಕ್ಕೆ ಅಂತ ಮಕ್ಕಳ ಮ್ಯಾಲೆ ಸುಳ್ಳು ಆಣೆ ಇಡ್ತಾರಾ?" ಎಂದು ಬೈದಳು. ನನ್ನ ಅಂಗೈ ತಿರುಗಿಸಿ ಸುಟ್ಟಿದೆಯೇ ಎಂದು ನೋಡಿ, ಸೆರಗಿನಿಂದ ಒರೆಸಿ, "ನಡೀರಿ, ಬಿಸಿಲೇರ್ತದೆ, ಕೆಲ್ಸ ಐತೆ" ಎಂದು ನನ್ನನ್ನು ವಾಪಸ್ಸು ಕರೆದುಕೊಂಡು ಬಂದಳು.